ಮೂವತ್ತೇಳು ಮೈಕ್ರೋಸೆಕೆಂಡು

ಎಂಜಿನಿಯರಿಂಗ್ ಕಾಲೇಜಿನ ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣಸಿಗುವ ದೃಶ್ಯವಿದು. ಮೇಜಿನ ಮೇಲೆ ಎಆರ್‌ಎಂ ಚಿಪ್ಪಿನ ಕಿಟ್ಟು, ಅದಕ್ಕೆ ತಂತಿಯಲ್ಲಿ ಜೋಡಿಸಿದ ಎರಡು ಸಾಲಿನ ಎಲ್‌ಸಿಡಿ ಫಲಕ. ಸಾಲಿಗೆ ಹದಿನಾರು ಅಕ್ಷರ. ವಿದ್ಯಾರ್ಥಿನಿಯೊಬ್ಬಳು ಫಲಕದ ಮೇಲೆ ತನ್ನ ಹೆಸರು ಮೂಡುವಂತೆ ಪ್ರೋಗ್ರಾಂ ಬರೆದಿದ್ದಾಳೆ. ಸ್ವಿಚ್ ಹಾಕಿದರೆ ಹೆಸರಿಲ್ಲ. ಮೇಲಿನ ಸಾಲಿನಲ್ಲಿ ಹದಿನಾರು ಕಪ್ಪು ಚೌಕಗಳು ಸಾಲುಗಟ್ಟಿ ನಿಲ್ಲುತ್ತವೆ. ರೀಸೆಟ್ ಗುಂಡಿ ಒತ್ತಿದರೆ ಹೆಸರು ಚೆನ್ನಾಗಿಯೇ ಬರುತ್ತದೆ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಮತ್ತೆ ಅದೇ ಚೌಕಗಳು. ತಂತಿ ಅಲುಗಾಡಿಸಿ ನೋಡುತ್ತಾಳೆ, ಫಲಕ ಬದಲಾಯಿಸಿ ನೋಡುತ್ತಾಳೆ, ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಹತ್ತು ಸಲ ಓದುತ್ತಾಳೆ. ಒಂದಕ್ಷರವೂ ತಪ್ಪಿಲ್ಲ. ಇದೇ ಪ್ರೋಗ್ರಾಂ ಹಿಂದಿನ ವರ್ಷದವರ 8051 ಎಂಬ ಹಳೆಯ ಚಿಪ್ಪಿನ ಕಿಟ್ಟಿನಲ್ಲಿ ಸಲೀಸಾಗಿ ನಡೆದಿತ್ತು ಎಂಬುದು ಅವಳ ತಲೆಬಿಸಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಆ ಫಲಕದ ಬೆನ್ನಿಗೆ ಒಂದು ಪುಟ್ಟ ನಿಯಂತ್ರಕ ಚಿಪ್ ಅಂಟಿಕೊಂಡಿದೆ. ಜಪಾನಿನ ಹಿಟಾಚಿ ಕಂಪನಿ 1980ರ ದಶಕದಲ್ಲಿ ತಂದ ಎಚ್‌ಡಿ44780 ಎಂಬ ಚಿಪ್, ಇಲ್ಲವೇ ಅದರ ನಡವಳಿಕೆಯನ್ನೇ ಅನುಸರಿಸಿ ಬೇರೆಯವರು ಮಾಡಿದ್ದು. ಪ್ರಿಂಟರ್, ಯುಪಿಎಸ್, ಲ್ಯಾಬಿನ ಅಳತೆಯ ಉಪಕರಣ, ಎಲ್ಲ ಕಡೆ ಇದರ ವಂಶದವರೇ ಕುಳಿತಿದ್ದಾರೆ. ವಿದ್ಯುತ್ತು 4.5 ವೋಲ್ಟಿಗೆ ಏರಿದ ಮೇಲೆ ಇದಕ್ಕೆ ಎಚ್ಚರವಾಗಲು 15 ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ಕೊಡಿ ಎಂದು ತಯಾರಕರ ವಿವರಪತ್ರದಲ್ಲಿ, ಅಂದರೆ ಅದರ ಡೇಟಾಶೀಟಿನಲ್ಲಿ, ಬರೆದಿದೆ. ಎಆರ್‌ಎಂ ಚಿಪ್ ಅದಕ್ಕಿಂತ ಎಷ್ಟೋ ಮೊದಲೇ ಎದ್ದು ಆಜ್ಞೆಗಳನ್ನು ಕಳಿಸಿ ಮುಗಿಸಿರುತ್ತದೆ. ಕೇಳಿಸಿಕೊಳ್ಳಲು ಆ ತುದಿಯಲ್ಲಿ ಯಾರೂ ಎದ್ದಿರುವುದಿಲ್ಲ. ರೀಸೆಟ್ ಒತ್ತಿದಾಗ ಫಲಕಕ್ಕೆ ವಿದ್ಯುತ್ತು ಮೊದಲೇ ಬಂದಿರುತ್ತದಾದ್ದರಿಂದ ಎಲ್ಲವೂ ಸುಗಮ. ಇನ್ನು ಆ ಹಳೆಯ 8051 ಕಿಟ್ಟಿನ ರೀಸೆಟ್ ಪಿನ್ನಿಗೆ 10 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಜೋಡಿಸಿರುತ್ತಾರೆ. ಅದು ತುಂಬುವವರೆಗೆ ಪ್ರೊಸೆಸರೇ ಹಲವು ಹತ್ತು ಮಿಲಿಸೆಕೆಂಡು ತಡೆದು ನಿಲ್ಲುತ್ತಿತ್ತು. ಪ್ರೋಗ್ರಾಮಿನಲ್ಲಿ ಇಲ್ಲದ ಕಾಯುವಿಕೆಯನ್ನು ಒಂದು ಕೆಪಾಸಿಟರ್ ಮಾಡಿಕೊಡುತ್ತಿತ್ತು, ಯಾರಿಗೂ ತಿಳಿಯದಂತೆ.

ಕಂಪ್ಯೂಟರಿಗೂ ಉಪಕರಣಕ್ಕೂ ನಡುವೆ ನಿಂತು ಮಾತು ದಾಟಿಸುವ ಇಂಥ ತಂತ್ರಾಂಶವನ್ನು ಡಿವೈಸ್ ಡ್ರೈವರ್ ಎನ್ನುತ್ತಾರೆ. ಕೀಲಿಮಣೆ, ಪ್ರಿಂಟರ್, ವೈಫೈ, ಮೊಬೈಲಿನ ಕ್ಯಾಮೆರಾ, ಪ್ರತಿಯೊಂದಕ್ಕೂ ಒಂದೊಂದು ಡ್ರೈವರ್ ಇದೆ. ಅದರ ಕೆಲಸದಲ್ಲಿ ಏನು ಹೇಳಬೇಕು ಎಂಬುದು ಅರ್ಧ. ಯಾವಾಗ ಹೇಳಬೇಕು, ಹೇಳಿ ಎಷ್ಟು ಹೊತ್ತು ಕಾಯಬೇಕು ಎಂಬುದು ಇನ್ನರ್ಧ. ಈ ಎರಡನೆಯ ಅರ್ಧದಲ್ಲಿ ಬರುವ ತಪ್ಪುಗಳಿಗೆ ಟೈಮಿಂಗ್ ತೊಂದರೆ ಎಂದು ಹೆಸರು. ಲ್ಯಾಬಿನಲ್ಲಾಗಲಿ ಕಂಪನಿಯಲ್ಲಾಗಲಿ ಇದಕ್ಕೆ ಮೊದಲು ಸಿಗುವ ಸಲಹೆ ಒಂದೇ: ‘ಡಿಲೇ ಸ್ವಲ್ಪ ಜಾಸ್ತಿ ಮಾಡಿ ನೋಡಿ.’ ಜಾಸ್ತಿ ಮಾಡಿದರೆ ಎಷ್ಟೋ ಸಲ ಕೆಲಸ ನಡೆಯುತ್ತದೆ. ನಡೆಯಿತು ಎಂಬ ಕಾರಣಕ್ಕೇ ಅಲ್ಲಿಗೆ ಬಿಟ್ಟುಬಿಡುವುದು ಈ ಕಸುಬಿನ ಅತಿ ದುಬಾರಿ ಅಭ್ಯಾಸ. ಯಾಕೆಂದು ಕಾಣಲು ಆ ಎಲ್‌ಸಿಡಿ ಫಲಕದ ಎದುರೇ ಇನ್ನೂ ಸ್ವಲ್ಪ ಕುಳಿತರೆ ಸಾಕು.

ಎಚ್ಚರವಾದ ಫಲಕಕ್ಕೆ ಒಂದೇ ಆಜ್ಞೆಯನ್ನು ಮೂರು ಸಲ ಕೊಡಬೇಕೆಂಬ ಕಟ್ಟಳೆ ಡೇಟಾಶೀಟಿನಲ್ಲಿದೆ. ಮೊದಲನೆಯದನ್ನು ಕೊಟ್ಟು 4.1 ಮಿಲಿಸೆಕೆಂಡು ಮೀರುವಷ್ಟು ಕಾಯಬೇಕು, ಎರಡನೆಯದನ್ನು ಕೊಟ್ಟು 100 ಮೈಕ್ರೋಸೆಕೆಂಡು ಮೀರುವಷ್ಟು, ಆಮೇಲೆ ಮೂರನೆಯದು. ಓದಿದವರಿಗೆ ಇದು ಮಂತ್ರದಂತೆ ಕಾಣುತ್ತದೆ, ಬಹಳ ಮಂದಿ ಮಂತ್ರದಂತೆಯೇ ನಕಲು ಮಾಡುತ್ತಾರೆ. ಆದರೆ ಇದಕ್ಕೆ ಸೊಗಸಾದ ಕಾರಣವಿದೆ. ಈ ಫಲಕಕ್ಕೆ ಎಂಟು ತಂತಿಯಲ್ಲಿ ಪೂರ್ತಿ ಬೈಟನ್ನು ಒಂದೇ ಸಲ ಕಳಿಸಬಹುದು. ನಾಲ್ಕೇ ತಂತಿ ಇದ್ದರೆ ಎರಡು ಕಂತಿನಲ್ಲಿ ಕಳಿಸಬಹುದು. ಮೊದಲ ಕಂತು ತಲುಪಿ ಎರಡನೆಯದು ಹೊರಡುವ ಮೊದಲು ಯಾರಾದರೂ ರೀಸೆಟ್ ಒತ್ತಿದರು ಅನ್ನಿ. ಫಲಕ ಉಳಿದರ್ಧಕ್ಕಾಗಿ ಕಾಯುತ್ತಲೇ ಇರುತ್ತದೆ, ಡ್ರೈವರ್ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಅಲ್ಲಿಂದಾಚೆಗೆ ಪ್ರತಿ ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಗೆ ಅಂಟಿಕೊಂಡು ಫಲಕದ ತುಂಬ ಅರ್ಥವಿಲ್ಲದ ಗುರುತುಗಳು. ಫಲಕ ಎಂಟು ತಂತಿಯ ಕ್ರಮದಲ್ಲಿರಲಿ, ನಾಲ್ಕರ ಕ್ರಮದಲ್ಲಿರಲಿ, ಅರ್ಧ ನುಂಗಿ ಕುಳಿತಿರಲಿ, ಮೂರು ಸಲ ಹೇಳಿದ ಮೇಲೆ ಒಂದೇ ನೆಲೆಗೆ ಬಂದು ನಿಲ್ಲುತ್ತದೆ.

ಎಬ್ಬಿಸುವ ಈ ವಿಧಿ ಮುಗಿದ ಮೇಲೆ ಬರುವುದು ಆ ಪ್ರಸಿದ್ಧ ಸಂಖ್ಯೆ, 37. ಒಂದು ಸಾಮಾನ್ಯ ಆಜ್ಞೆಯನ್ನು ನಡೆಸಲು ಫಲಕಕ್ಕೆ 37 ಮೈಕ್ರೋಸೆಕೆಂಡು ಬೇಕು. ಕರ್ಸರನ್ನು ಮೊದಲ ಮನೆಗೆ ತರಲು 1.52 ಮಿಲಿಸೆಕೆಂಡು. ಮೈಕ್ರೋಸೆಕೆಂಡೆಂದರೆ ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು. ಕಣ್ಣೊಮ್ಮೆ ಮಿಟುಕಿಸಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಈ ಫಲಕ 2,700 ಆಜ್ಞೆಗಳನ್ನು ನಡೆಸಿ ಮುಗಿಸಬಲ್ಲದು. ಪ್ರೋಗ್ರಾಂ ಬರೆಯುವವರು 37 ಎಂಬುದನ್ನು ಗುಣಾಕಾರದ ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ಡೇಟಾಶೀಟಿನಲ್ಲಿ ಅದರ ಪಕ್ಕದಲ್ಲೇ ಇರುವ ಷರತ್ತನ್ನು ಓದಿದವರು ಕಡಿಮೆ: ಚಿಪ್ಪಿನೊಳಗಿನ ಗಡಿಯಾರ 270 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಮಾತ್ರ 37.

ಆ ಗಡಿಯಾರವಾದರೂ ಎಂಥದು? ಕೈಗಡಿಯಾರದಲ್ಲಿರುವಂಥ ಸ್ಫಟಿಕವಲ್ಲ, 91 ಕಿಲೋಓಮ್‌ನ ಒಂದು ರೆಸಿಸ್ಟರಿನ ಮೇಲೆ ನಿಂತ ಆಸಿಲೇಟರ್. 5 ವೋಲ್ಟಿನಲ್ಲಿ ಅದು 190ರಿಂದ 350 ಕಿಲೋಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಇರಬಹುದೆಂದು ತಯಾರಕರೇ ಬರೆದಿದ್ದಾರೆ. 250ರಲ್ಲಿ ಓಡಿದರೆ ಆಜ್ಞೆಗೆ 40 ಮೈಕ್ರೋಸೆಕೆಂಡು ಬೇಕೆಂಬ ಲೆಕ್ಕವನ್ನೂ ಅವರೇ ಮಾಡಿ ತೋರಿಸಿದ್ದಾರೆ. ಅದೇ ಲೆಕ್ಕವನ್ನು ಮುಂದುವರಿಸಿ 190ಕ್ಕೆ ಇಳಿಸಿದರೆ 52.6 ಮೈಕ್ರೋಸೆಕೆಂಡು, 1.52 ಮಿಲಿಸೆಕೆಂಡಿನ ಕೆಲಸಕ್ಕೆ 2.16. ಸರಿಯಾಗಿ 37 ಕಾಯುವ ಡ್ರೈವರ್ ಬರೆದವನ ಮೇಜಿನ ಮೇಲಿನ ಫಲಕ ಸ್ವಲ್ಪ ಚುರುಕಿನದಾಗಿದ್ದರೆ ಅವನಿಗೆ ತೊಂದರೆ ಕಾಣುವುದೇ ಇಲ್ಲ. ಉಪಕರಣ ತಯಾರಾಗಿ ಊರೂರಿಗೆ ಹೋದ ಮೇಲೆ ಯಾವುದೋ ಒಂದು ಫಲಕದಲ್ಲಿ ಅಕ್ಷರವೊಂದು ನುಂಗಿಹೋಗುತ್ತದೆ. ಅದನ್ನು ವಾಪಸು ತರಿಸಿ ಮೇಜಿನ ಮೇಲಿಟ್ಟರೆ, ಅಲ್ಲಿನ ಬಿಸಿಲಿನಲ್ಲಿ ನಡೆದದ್ದು ಇಲ್ಲಿನ ಫ್ಯಾನಿನ ಕೆಳಗೆ ನಡೆಯದೆಯೂ ಇರಬಹುದು.

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಉತ್ತರ ಫಲಕದ ಬಳಿಯೇ ಇದೆ. ಎಂಟನೆಯ ದತ್ತಾಂಶ ತಂತಿಯ ಮೇಲೆ ಅದು ‘ಬಿಸಿ ಫ್ಲ್ಯಾಗ್’ ಎಂಬ ಗುರುತನ್ನು ತೋರಿಸುತ್ತದೆ. ಅದು 1 ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ, 0 ಆದರೆ ಮುಂದಿನ ಆಜ್ಞೆಗೆ ಸಿದ್ಧ. ಚಳಿಯಿರಲಿ ಸೆಕೆಯಿರಲಿ, ಫಲಕ ಚುರುಕಿರಲಿ ಮಂದವಿರಲಿ, ಫಲಕವನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಆದರೆ ಕೇಳಲು ಫಲಕದ ಆರ್‌/ಡಬ್ಲ್ಯು ಎಂಬ ಪಿನ್ನಿಗೆ ಒಂದು ತಂತಿ ಹೆಚ್ಚು ಬೇಕು. ಬಹಳಷ್ಟು ಕಿಟ್ಟುಗಳಲ್ಲಿ ಆ ಒಂದು ತಂತಿ ಉಳಿಸಲೆಂದು ಆ ಪಿನ್ನನ್ನು ನೇರ ಗ್ರೌಂಡಿಗೆ ಬೆಸೆದಿರುತ್ತಾರೆ. ಫಲಕದ ಬಾಯಿ ಕಟ್ಟಿದ ಮೇಲೆ ಉಳಿಯುವುದು ಕಣ್ಣುಮುಚ್ಚಿ ಕಾಯುವ ದಾರಿಯೊಂದೇ. ಆರ್ಡುಯಿನೋ ಎಂಬ ಕಲಿಕೆಯ ಬೋರ್ಡಿನ ಜನಪ್ರಿಯ ಲಿಕ್ವಿಡ್‌ಕ್ರಿಸ್ಟಲ್ ಲೈಬ್ರರಿ ಹೀಗೆಯೇ ಕಾಯುತ್ತದೆ: ಪ್ರತಿ ಕಂತಿಗೂ 100 ಮೈಕ್ರೋಸೆಕೆಂಡು, ಪರದೆ ಅಳಿಸಿದ ಮೇಲೆ 2 ಮಿಲಿಸೆಕೆಂಡು. ನಾಲ್ಕು ತಂತಿಯ ಕ್ರಮದಲ್ಲಿ ಅಕ್ಷರಕ್ಕೆ ಎರಡು ಕಂತು, ಮೂವತ್ತೆರಡು ಅಕ್ಷರ ತುಂಬಲು 6.4 ಮಿಲಿಸೆಕೆಂಡು. ಫಲಕಕ್ಕೆ ನಿಜವಾಗಿ ಬೇಕಾದದ್ದು ಅದರ ಕಾಲುಭಾಗಕ್ಕಿಂತ ಕಡಿಮೆ. ಕಲಿಯುವವರಿಗೆ ಈ ಲೈಬ್ರರಿ ಮಾಡಿರುವ ಉಪಕಾರ ದೊಡ್ಡದು. ಎಂಥ ಫಲಕ ಜೋಡಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಒಂದು ಮೋಟಾರನ್ನೂ ಹತ್ತು ಸೆನ್ಸರುಗಳನ್ನೂ ಜೊತೆಗೇ ನೋಡಿಕೊಳ್ಳಬೇಕಾದ ಚಿಪ್ಪಿಗೆ 6 ಮಿಲಿಸೆಕೆಂಡು ಸುಮ್ಮನೆ ನಿಲ್ಲುವುದು ಸಣ್ಣ ಖರ್ಚಲ್ಲ.

ಕಾಯುವುದರಲ್ಲೂ ಬಗೆಗಳಿವೆ. ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಅದರ ಮುಂದೆಯೇ ನಿಂತು ನೋಡುವುದು ಒಂದು ಬಗೆ. ಉಕ್ಕುವುದಿಲ್ಲ ನಿಜ, ಬೇರೆ ಕೆಲಸವೂ ಆಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಬರುತ್ತೇನೆಂದು ಹಿತ್ತಲಿಗೆ ಹೋಗುವುದು ಇನ್ನೊಂದು. ಬರುವುದು ಹತ್ತಕ್ಕೋ ಹದಿನೈದಕ್ಕೋ. ಕುಕ್ಕರ್ ಇಟ್ಟು ಅದು ಕೂಗುವವರೆಗೆ ಬೇರೆ ಕೆಲಸ ನೋಡಿಕೊಳ್ಳುವುದು ಮೂರನೆಯದು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಈ ಮೂರೂ ಇವೆ. ಯುಡಿಲೇ ಎಂಬ ಕರೆ ಹಾಲಿನ ಮುಂದೆ ನಿಂತಂತೆ, ಅಷ್ಟು ಹೊತ್ತೂ ಪ್ರೊಸೆಸರ್ ಬೇರೇನೂ ಮಾಡದು. ಅದನ್ನು ಹತ್ತಾರು ಮೈಕ್ರೋಸೆಕೆಂಡು ಮೀರಿ ಬಳಸಬಾರದು. ಎಂಸ್ಲೀಪ್ ಎಂಬುದು ಹಿತ್ತಲಿಗೆ ಹೋದಂತೆ. ಡ್ರೈವರ್ ಬರೆಯುವ ಹೊಸಬರು ಎಂಸ್ಲೀಪ್‌ಗೆ 1 ಎಂದು ಕೊಟ್ಟು ಒಂದು ಮಿಲಿಸೆಕೆಂಡಿಗೆ ಎಚ್ಚರವಾಗುತ್ತದೆಂದು ನಂಬುತ್ತಾರೆ. ಕರ್ನಲ್‌ನ ಗಡಿಯಾರ ಸೆಕೆಂಡಿಗೆ ನೂರು ಸಲ ಮಿಡಿಯುವ ಯಂತ್ರದಲ್ಲಿ ಒಂದು ಮಿಡಿತವೇ 10 ಮಿಲಿಸೆಕೆಂಡು. ಒಂದೆಂದು ಹೇಳಿ ಮಲಗಿದ್ದು ಏಳುವ ಹೊತ್ತಿಗೆ 20 ಕಳೆದಿರಬಹುದು. ಕ್ಯಾಮೆರಾದ ಒಂದು ಸೆನ್ಸರನ್ನು ಆರಂಭಿಸಲು ಇಂಥ ಐವತ್ತು ನಿದ್ದೆ ಬೇಕಾದರೆ ಒಂದು ಸೆಕೆಂಡು ಹೋಯಿತು. ಬಳಕೆದಾರ ಕ್ಯಾಮೆರಾ ತೆರೆದು ಕಪ್ಪು ಪರದೆ ನೋಡುತ್ತ ಕುಳಿತಿರುತ್ತಾನೆ. ಇದಕ್ಕೆಂದೇ ಯುಸ್ಲೀಪ್‌ರೇಂಜ್ ಎಂಬ ಕರೆ ಬಂತು: ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡು ಗಡಿ ಹೇಳಿದರೆ ಕರ್ನಲ್ ತನಗೆ ಅನುಕೂಲವಾದ ಹೊತ್ತಿನಲ್ಲಿ ಎಬ್ಬಿಸುತ್ತದೆ. ಕುಕ್ಕರಿನ ಕೂಗು ಇಂಟರಪ್ಟ್. ಉಪಕರಣವೇ ಕೆಲಸ ಮುಗಿದಾಗ ಕೂಗಿ ಹೇಳುವ ಏರ್ಪಾಡಿದ್ದರೆ ಮೊದಲು ಅದನ್ನು ಹಿಡಿಯಬೇಕು.

ಯಂತ್ರ ವೇಗವಾದಾಗ ಏನಾಗುತ್ತದೆಂಬುದು ಬೇರೆಯೇ ಕಥೆ. 12 ಮೆಗಾಹರ್ಟ್ಸ್ ಸ್ಫಟಿಕ ಹಾಕಿದ ಹಳೆಯ 8051ರಲ್ಲಿ ಹನ್ನೆರಡು ಮಿಡಿತಕ್ಕೆ ಒಂದು ಯಂತ್ರಚಕ್ರ, ಅಂದರೆ ಸರಿಯಾಗಿ ಒಂದು ಮೈಕ್ರೋಸೆಕೆಂಡು. ಎಣಿಸಿ ಹಿಂದಕ್ಕೆ ಜಿಗಿಯುವ ಆಜ್ಞೆಗೆ ಎರಡು. ಬೆರಳೆಣಿಕೆಯಲ್ಲಿ ಲೆಕ್ಕ ಹಾಕಿ, ಸುಮ್ಮನೆ ಸುತ್ತಿ ಹೊತ್ತು ಕಳೆಯುವ ಡಿಲೇ ಲೂಪ್ ಬರೆಯಬಹುದಿತ್ತು. ಅದೇ ಆಜ್ಞೆಗಳನ್ನು ನಡೆಸುವ ಹೊಸ ಚಿಪ್ಪುಗಳಲ್ಲಿ ಯಂತ್ರಚಕ್ರಕ್ಕೆ ಒಂದೇ ಮಿಡಿತ ಸಾಕಾದಾಗ ಹಳೆಯ ಲೂಪ್‌ಗಳೆಲ್ಲ ಹಲವು ಪಟ್ಟು ಬೇಗ ಮುಗಿದವು. ಆಜ್ಞೆ ಬಂತೆಂದು ಎಲ್‌ಸಿಡಿಗೆ ಸೂಚಿಸುವ ಎನೇಬಲ್ ತಂತಿಯನ್ನು ಏರಿಸಿ ಇಳಿಸುವ ನಡುವೆ ಕಡಿಮೆಯೆಂದರೆ 230 ನ್ಯಾನೋಸೆಕೆಂಡು ಇರಬೇಕು, ವೋಲ್ಟೇಜು ಕಡಿಮೆಯಿದ್ದರೆ 450. ಹಳೆಯ 8051ರಲ್ಲಿ ಏರಿಸುವ ಆಜ್ಞೆಯೇ ಒಂದು ಮೈಕ್ರೋಸೆಕೆಂಡು ತಿನ್ನುತ್ತಿದ್ದುದರಿಂದ ಈ ನಿಯಮದ ನೆನಪೇ ಬೇಕಿರಲಿಲ್ಲ. 72 ಮೆಗಾಹರ್ಟ್ಸ್‌ನ ಎಆರ್‌ಎಂನಲ್ಲಿ ಒಂದು ಮಿಡಿತ 14 ನ್ಯಾನೋಸೆಕೆಂಡಿಗೂ ಕಡಿಮೆ. ಏರಿಸಿ ಇಳಿಸಿದ್ದು ಫಲಕಕ್ಕೆ ತಿಳಿಯುವುದೇ ಇಲ್ಲ. ಇದರ ಮೇಲೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಚುರುಕು ಬೇರೆ. ಒಳಗೆ ಏನೂ ಇಲ್ಲದ ಲೂಪನ್ನು ಕಂಡರೆ ಅದು ವ್ಯರ್ಥವೆಂದು ತೀರ್ಮಾನಿಸಿ ಪೂರ್ತಿ ಕಿತ್ತುಹಾಕುತ್ತದೆ.

ದೊಡ್ಡ ಕಂಪ್ಯೂಟರುಗಳಲ್ಲೂ ಇದೇ ನಡೆಯಿತು. ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಸಿಆರ್‌ಟಿ ಎಂಬ ಘಟಕವಿತ್ತು. ಪ್ರೋಗ್ರಾಂ ಶುರುವಾಗುವ ಮೊದಲೇ ಅದು, ಡಿಲೇಯ ಲೆಕ್ಕಕ್ಕೆಂದು, ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಲೂಪ್ ಎಷ್ಟು ಸಲ ಸುತ್ತುತ್ತದೆಂದು ಎಣಿಸಿ 55ರಿಂದ ಭಾಗಿಸಿ ಇಟ್ಟುಕೊಳ್ಳುತ್ತಿತ್ತು. ಭಾಗಲಬ್ಧಕ್ಕೆ ಇದ್ದ ಜಾಗ 16 ಬಿಟ್ಟು, 65,535ರವರೆಗೆ. ಪ್ರೊಸೆಸರುಗಳು 200 ಮೆಗಾಹರ್ಟ್ಸ್‌ನ ಆಸುಪಾಸು ದಾಟಿದಾಗ ಭಾಗಲಬ್ಧ ಆ ಜಾಗದಲ್ಲಿ ಹಿಡಿಸದೆ ಹೋಯಿತು. ‘ರನ್‌ಟೈಮ್ ಎರರ್ 200’ ಎಂದು ಹೇಳಿ ಪ್ರೋಗ್ರಾಂ ಸಾಯತೊಡಗಿತು. ಡಿಲೇಯನ್ನು ಒಮ್ಮೆಯೂ ಬಳಸದೆ, ಪರದೆಯ ಮೇಲೆ ಬಣ್ಣಕ್ಕಾಗಿ ಮಾತ್ರ ಆ ಘಟಕವನ್ನು ಸೇರಿಸಿಕೊಂಡಿದ್ದ ಪ್ರೋಗ್ರಾಮುಗಳೂ ತಮ್ಮ ಮೊದಲ ಸಾಲು ನಡೆಯುವ ಮುನ್ನವೇ ನಿಂತುಹೋದವು.

ವಿಂಡೋಸ್ 95ರಲ್ಲಿ ನಡೆದದ್ದು ನೇರವಾಗಿ ಡ್ರೈವರಿನ ಕಥೆ. ಅದರ ನೆಟ್‌ವರ್ಕ್ ಡ್ರೈವರುಗಳಿಗೆ ಆಧಾರವಾದ ಎನ್‌ಡಿಐಎಸ್ ಎಂಬ ಭಾಗ ಇದೇ ಬಗೆಯಲ್ಲಿ ಲೂಪ್ ಸುತ್ತಿಸಿ ಯಂತ್ರದ ವೇಗ ಅಳೆಯುತ್ತಿತ್ತು. ಎಎಂಡಿ ಕಂಪನಿಯ ಕೆ6-2 ಪ್ರೊಸೆಸರಿನಲ್ಲಿ ಲೂಪ್ ಆಜ್ಞೆ ಬಹಳ ಚುರುಕು. 350 ಮೆಗಾಹರ್ಟ್ಸ್‌ನ ಮಾದರಿಗಳು ಬಂದಾಗ ಅಳೆಯುವ ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ಕಳೆದ ಹೊತ್ತಿನ ಲೆಕ್ಕದ ಭಾಗಾಕಾರವೇ ಕೆಟ್ಟು, ಕಂಪ್ಯೂಟರ್ ಶುರುವಾಗುವಾಗಲೇ ‘ವಿಂಡೋಸ್ ಪ್ರೊಟೆಕ್ಷನ್ ಎರರ್’ ಎಂದು ನಿಲ್ಲತೊಡಗಿತು. ಇಂಟೆಲ್ ಪ್ರೊಸೆಸರುಗಳಲ್ಲಿ ಅದೇ ಆಜ್ಞೆ ನಿಧಾನವಾದ್ದರಿಂದ ಅವು ಆಗ ಪಾರಾದವು, 2.1 ಗಿಗಾಹರ್ಟ್ಸ್ ದಾಟಿದಾಗ ಅವೂ ಅದೇ ಹೊಂಡಕ್ಕೆ ಬಿದ್ದವು. ಅಷ್ಟು ಹೊತ್ತಿಗೆ ಆ ತಂತ್ರಾಂಶ ಬರೆದು ವರ್ಷಗಳೇ ಕಳೆದಿದ್ದವು. ಬರೆದ ದಿನ ಅದು ಸರಿಯಾಗಿಯೇ ನಡೆದಿತ್ತು.

ಇನ್ನೊಂದು ಬಗೆಯ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಪಿಸಿಐ ಎಂಬ ಜೋಡಣೆಯ ಮೂಲಕ ಕುಳಿತ ಕಾರ್ಡಿಗೆ ಡ್ರೈವರ್ ‘ರೀಸೆಟ್ ಆಗು’ ಎಂದು ಬರೆಯುತ್ತದೆ, 10 ಮೈಕ್ರೋಸೆಕೆಂಡು ಕಾಯುತ್ತದೆ, ‘ಸಾಕು, ಏಳು’ ಎಂದು ಬರೆಯುತ್ತದೆ. ಡೇಟಾಶೀಟಿನ ಪ್ರಕಾರ ಎಲ್ಲ ಸರಿ. ಆದರೆ ಈ ಜೋಡಣೆಯಲ್ಲಿ ಬರೆದದ್ದು ಕೂಡಲೇ ತಲುಪಬೇಕೆಂದಿಲ್ಲ. ನಡುವಿನ ಸೇತುವೆ ಚಿಪ್ಪಿನಲ್ಲಿ ಸ್ವಲ್ಪ ಹೊತ್ತು ತಂಗಬಹುದು. ಇದಕ್ಕೆ ‘ಪೋಸ್ಟೆಡ್ ರೈಟ್’ ಎಂದೇ ಹೆಸರು, ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಿದ ಹಾಗೆ. ಪತ್ರ ಪೆಟ್ಟಿಗೆಗೆ ಬಿದ್ದ ಗಳಿಗೆಯಿಂದ ದಿನ ಎಣಿಸಿದರೆ ಮುಟ್ಟಿಸಿಕೊಂಡವರ ಲೆಕ್ಕಕ್ಕೆ ಹೊಂದುವುದಿಲ್ಲ. ಎರಡೂ ಆಜ್ಞೆಗಳು ಒಟ್ಟಿಗೇ ಹೋಗಿ ಬಿದ್ದರೆ ಕಾರ್ಡಿನ ಪಾಲಿಗೆ ನಡುವೆ ಬಿಡುವೇ ಇರುವುದಿಲ್ಲ. ಇಲ್ಲಿ ಡಿಲೇಯನ್ನು ಹತ್ತರಿಂದ ನೂರಕ್ಕೆ ಏರಿಸಿದರೆ ತೊಂದರೆ ಕಡಿಮೆಯಾದಂತೆ ಕಾಣುತ್ತದೆ, ಹೋಗುವುದಿಲ್ಲ. ಸರಿಯಾದ ಮದ್ದು ಒಂದೇ ಸಾಲು: ಬರೆದ ಮೇಲೆ ಅದೇ ಕಾರ್ಡಿನಿಂದ ಏನಾದರೊಂದನ್ನು ಓದುವುದು. ಓದಿದ ಉತ್ತರ ಬರಬೇಕಾದರೆ ಅದಕ್ಕೂ ಹಿಂದೆ ಬರೆದದ್ದೆಲ್ಲ ಮೊದಲು ತಲುಪಿರಲೇಬೇಕು. ರಿಜಿಸ್ಟರ್ ಪೋಸ್ಟಿನ ಸ್ವೀಕೃತಿ ಕಾರ್ಡು ಕೈಗೆ ಬಂದ ಮೇಲೆ ಎಣಿಕೆ ಶುರು ಮಾಡಿದಂತೆ.

ಕೆಲವು ಉಪಕರಣಗಳು ಕಾಯುವುದೇ ಇಲ್ಲ, ತಮ್ಮ ಪಾಡಿಗೆ ಹೇಳಿ ಮುಗಿಸುತ್ತವೆ. ಗಾಳಿಯ ತೇವ ಮತ್ತು ಉಷ್ಣತೆ ಅಳೆಯುವ ಡಿಎಚ್‌ಟಿ11 ಎಂಬ ಅಗ್ಗದ ಸೆನ್ಸರ್ ಅಂಥದು. ಒಂದೇ ತಂತಿಯಲ್ಲಿ 40 ಬಿಟ್ಟುಗಳನ್ನು ಒಂದೇ ಉಸಿರಿಗೆ ಕಳಿಸುತ್ತದೆ. ಪ್ರತಿ ಬಿಟ್ಟಿಗೂ ತಂತಿ 50 ಮೈಕ್ರೋಸೆಕೆಂಡು ಕೆಳಗಿರುತ್ತದೆ. ಆಮೇಲೆ 26ರಿಂದ 28 ಮೈಕ್ರೋಸೆಕೆಂಡು ಮೇಲಿದ್ದರೆ ಸೊನ್ನೆ, 70 ಇದ್ದರೆ ಒಂದು. ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಸಾಮಾನ್ಯ ಪ್ರೋಗ್ರಾಮಿನಿಂದ ಇದನ್ನು ಓದಲು ಹೋದವರಲ್ಲಿ ಹಲವರು ಎಡವಿದ್ದಾರೆ. ಎಣಿಸುತ್ತಿರುವಾಗಲೇ ಲಿನಕ್ಸ್ ಆ ಪ್ರೋಗ್ರಾಮನ್ನು ಬದಿಗಿಟ್ಟು ಬೇರೊಂದನ್ನು ನಡೆಸಲು ಹೋಗಬಹುದು. ಮರಳುವಷ್ಟರಲ್ಲಿ ಹತ್ತು ಬಿಟ್ಟು ದಾಟಿಹೋಗಿರುತ್ತವೆ. ಲಿನಕ್ಸ್ ಕರ್ನಲ್‌ನೊಳಗಿನ ಡಿಎಚ್‌ಟಿ11 ಡ್ರೈವರ್ ಎಣಿಸುವ ಗೊಡವೆಗೇ ಹೋಗಿಲ್ಲ. ತಂತಿ ಏರಿದಾಗ ಇಳಿದಾಗ ಒಂದೊಂದು ಇಂಟರಪ್ಟ್ ಪಡೆದು ಆ ಗಳಿಗೆಯ ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ. 40 ಬಿಟ್ಟು ಮುಗಿದ ಮೇಲೆ ನಿಧಾನವಾಗಿ ಕುಳಿತು ಆ ಸಮಯಗಳ ಅಂತರ ನೋಡಿ ಸೊನ್ನೆ ಯಾವುದು ಒಂದು ಯಾವುದು ಎಂದು ಬಿಡಿಸುತ್ತದೆ. ಕೊನೆಯ ಎಂಟು ಬಿಟ್ಟು ಮೊದಲಿನ ನಾಲ್ಕು ಬೈಟುಗಳ ಕೂಡಿಕೆ. ಅದು ತಾಳೆಯಾಗದಿದ್ದರೆ ಓದಿದ್ದನ್ನು ಕೈಬಿಡುತ್ತದೆ.

ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದ ಉದಾಹರಣೆಯೂ ಹೇಳಬೇಕು. ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್‌ಇಡಿ ಪಟ್ಟಿಗೆ ಪ್ರತಿ ಬಿಟ್ಟೂ 1.25 ಮೈಕ್ರೋಸೆಕೆಂಡಿನಲ್ಲಿ ಹೋಗಬೇಕು, ನಡುವೆ ತಡವರಿಸಿದರೆ ಬಣ್ಣ ಕೆಟ್ಟಿತು. ಅದಕ್ಕೆಂದು ಆರ್ಡುಯಿನೋ ಲೈಬ್ರರಿಗಳು ಕಳಿಸುವಷ್ಟು ಹೊತ್ತು ಇಂಟರಪ್ಟುಗಳನ್ನೆಲ್ಲ ಮುಚ್ಚಿಬಿಡುತ್ತವೆ. ದೀಪವೊಂದಕ್ಕೆ 24 ಬಿಟ್ಟು, 30 ಮೈಕ್ರೋಸೆಕೆಂಡು. ನೂರು ದೀಪಕ್ಕೆ 3 ಮಿಲಿಸೆಕೆಂಡು. ಆದರೆ ಆರ್ಡುಯಿನೋದ ಸ್ವಂತ ಗಡಿಯಾರ ನಡೆಯುವುದೂ ಪ್ರತಿ 1.024 ಮಿಲಿಸೆಕೆಂಡಿಗೊಂದು ಇಂಟರಪ್ಟಿನಿಂದಲೇ. ದೀಪ ಸೊಗಸಾಗಿ ಬೆಳಗುತ್ತದೆ, ಗಡಿಯಾರ ಹಿಂದೆ ಬೀಳುತ್ತದೆ. ರಾಸ್ಪ್‌ಬೆರಿ ಪೈ ಸಂಸ್ಥೆ 2021ರ ಜನವರಿಯಲ್ಲಿ ತಂದ ಆರ್‌ಪಿ2040 ಚಿಪ್ಪಿನಲ್ಲಿ ಈ ಜಗಳಕ್ಕೆಂದೇ ಪುಟ್ಟ ಯಂತ್ರಗಳನ್ನು ಒಳಗೇ ಕೂರಿಸಿದ್ದಾರೆ. ಮಿಡಿತ ತಪ್ಪದೆ ಪಿನ್ನುಗಳನ್ನು ಆಡಿಸುವುದು ಅವುಗಳ ಕೆಲಸ, ಪ್ರೊಸೆಸರಿಗೆ ಆ ಹೊಣೆಯೇ ಇಲ್ಲ.

ಇಂಥ ತೊಂದರೆಯನ್ನು ಹುಡುಕುವ ದಾರಿಯಲ್ಲೇ ಒಂದು ಮೋಸವಿದೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಅಲ್ಲಲ್ಲಿ ಒಂದೊಂದು ಸಾಲು ಪ್ರಿಂಟ್ ಮಾಡಿಸಿ ನೋಡುತ್ತಾರೆ. ಸೀರಿಯಲ್ ತಂತಿಯಲ್ಲಿ 9600ರ ವೇಗದಲ್ಲಿ ಒಂದು ಅಕ್ಷರ ಹೋಗಲು ಒಂದು ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಇಪ್ಪತ್ತಕ್ಷರದ ಒಂದು ಸಾಲು ಎಂದರೆ 20 ಮಿಲಿಸೆಕೆಂಡಿನ ಡಿಲೇ. ಪ್ರಿಂಟ್ ಸೇರಿಸಿದ ಕೂಡಲೇ ತೊಂದರೆ ಮಾಯ, ತೆಗೆದ ಕೂಡಲೇ ಹಾಜರು. ಅದಕ್ಕೇ ಪಳಗಿದವರು ಖಾಲಿ ಇರುವ ಒಂದು ಪಿನ್ನನ್ನು ಆರಿಸಿಕೊಂಡು, ಸಂಶಯವಿರುವ ಭಾಗ ಶುರುವಾದಾಗ ಏರಿಸಿ ಮುಗಿದಾಗ ಇಳಿಸುತ್ತಾರೆ. ಅದಕ್ಕೆ ತಗಲುವುದು ಒಂದೆರಡು ಮಿಡಿತ ಮಾತ್ರ. ಆ ಪಿನ್ನನ್ನೂ ಉಪಕರಣದ ತಂತಿಗಳನ್ನೂ ಆಸಿಲೋಸ್ಕೋಪಿಗೋ ಲಾಜಿಕ್ ಅನಲೈಸರಿಗೋ ಜೋಡಿಸಿ ಪರದೆಯ ಮೇಲೆ ಒಟ್ಟಿಗೆ ನೋಡಿದರೆ ವಾದಕ್ಕೆ ಎಡೆಯಿಲ್ಲ.

ಟೈಮಿಂಗ್ ತಪ್ಪುಗಳಿಗೆ ಜೀವಗಳೂ ಬಲಿಯಾಗಿವೆ. ಕೆನಡಾದ ಎಇಸಿಎಲ್ ಎಂಬ ಸಂಸ್ಥೆ ತಯಾರಿಸಿದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರ ಜೂನ್‌ನಿಂದ 1987ರ ಜನವರಿಯ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹರಿಸಿತು. ಅಮೆರಿಕದ ಟೆಕ್ಸಾಸ್ ರಾಜ್ಯದ ಟೈಲರ್ ಊರಿನಲ್ಲಿ 1986ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನಡೆದ ಎರಡು ಅಪಘಾತಗಳ ಬೇರು ಒಂದು ಕಾಯುವ ಸಬ್‌ರೂಟೀನಿನಲ್ಲಿತ್ತು. ಕಿರಣವನ್ನು ಬಾಗಿಸುವ ಅಯಸ್ಕಾಂತಗಳು ಸಿದ್ಧವಾಗಲು ಸುಮಾರು 8 ಸೆಕೆಂಡು ಬೇಕಿತ್ತು. ಒಂದೊಂದು ಅಯಸ್ಕಾಂತಕ್ಕೂ ಆ ಸಬ್‌ರೂಟೀನನ್ನು ಕರೆದು ಕಾಯಿಸುತ್ತಿದ್ದರು. ಕಾಯುತ್ತಿರುವಾಗ ಕೀಲಿಮಣೆಯಲ್ಲಿ ಯಾರಾದರೂ ತಿದ್ದುಪಡಿ ಮಾಡಿದರೇ ಎಂದು ಅದು ನೋಡಬೇಕಿತ್ತು. ನೋಡುತ್ತಲೂ ಇತ್ತು, ಒಂದು ಗುರುತು ಏರಿದ್ದರೆ ಮಾತ್ರ. ಮೊದಲ ಸಲದ ಕಾಯುವಿಕೆ ಮುಗಿಯುತ್ತಲೇ ಆ ಗುರುತನ್ನು ಅದು ತಾನೇ ಅಳಿಸಿಬಿಡುತ್ತಿತ್ತು. ಆದ್ದರಿಂದ ಎರಡನೆಯ ಅಯಸ್ಕಾಂತದಿಂದಾಚೆಗೆ ಆದ ತಿದ್ದುಪಡಿ ಅದಕ್ಕೆ ತಿಳಿಯುತ್ತಿರಲಿಲ್ಲ. ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಕಿರಣಕ್ಕೆ ‘ಇ’ ಒತ್ತುವ ಬದಲು ಎಕ್ಸ್-ರೇಗೆ ‘ಎಕ್ಸ್’ ಒತ್ತಿದ್ದಳು, ಕೂಡಲೇ ಕರ್ಸರ್ ಮೇಲೇರಿಸಿ ತಿದ್ದಿದಳು. ಪರದೆ ‘ಇ’ ಎಂದು ತೋರಿಸಿತು. ಯಂತ್ರದೊಳಗೆ ಅರ್ಧ ಹಳೆಯದು, ಅರ್ಧ ಹೊಸದು.

ಹಿಂದಿನ ಮಾದರಿಯಾದ ಥೆರಾಕ್-20ರ ತಂತ್ರಾಂಶದಲ್ಲೂ ಇದೇ ದೋಷವಿತ್ತು. ಅದರಲ್ಲಿ ವಿದ್ಯುತ್ ಸರ್ಕಿಟಿನದೇ ಆದ ತಡೆಗಳಿದ್ದುದರಿಂದ ಫ್ಯೂಸ್ ಹೋಗುತ್ತಿತ್ತು, ಅಷ್ಟೇ. ಹೊಸ ಮಾದರಿಯಲ್ಲಿ ಆ ತಡೆಗಳನ್ನು ತೆಗೆದು ತಂತ್ರಾಂಶವನ್ನೇ ನಂಬಿದ್ದರು. ತಯಾರಕರು ಮೊದಲು ಸೂಚಿಸಿದ ಪರಿಹಾರವನ್ನು ಓದಿದರೆ ಇಂದಿಗೂ ಮನಸ್ಸು ಕುಗ್ಗುತ್ತದೆ: ಕರ್ಸರನ್ನು ಮೇಲೇರಿಸುವ ಕೀಲಿಯ ಟೋಪಿ ಕಿತ್ತು, ಅದರ ಮೇಲೆ ಟೇಪ್ ಅಂಟಿಸಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದು ಸಾಲದೆಂದು ಹೇಳಿತು. ಡಿಲೇ ಸ್ವಲ್ಪ ಜಾಸ್ತಿ ಮಾಡಿ ನೋಡುವುದಕ್ಕೂ ಕೀಲಿಗೆ ಟೇಪ್ ಹಚ್ಚುವುದಕ್ಕೂ ನಡುವೆ ದೂರ ಬಹಳವಿಲ್ಲ.

ಟೈಲರ್‌ನಲ್ಲಿ ಆ ದೋಷವನ್ನು ಹಿಡಿದದ್ದು ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದವಳು. ಇಬ್ಬರೂ ಯಂತ್ರದ ಮುಂದೆ ಕುಳಿತು ಅದೇ ತಿದ್ದುಪಡಿಯನ್ನು ಮತ್ತೆ ಮತ್ತೆ ಮಾಡಿದರು, ಪ್ರತಿ ಸಲ ಬೇರೆ ಬೇರೆ ವೇಗದಲ್ಲಿ, ಕೊನೆಗೆ ಅಪಘಾತದ ವೇಳೆ ಕಂಡಿದ್ದ ‘ಮಾಲ್‌ಫಂಕ್ಷನ್ 54’ ಎಂಬ ಸಂದೇಶ ಬೇಕೆಂದಾಗ ಬರುವವರೆಗೆ. ತಯಾರಕರ ಎಂಜಿನಿಯರ್ ಅದನ್ನು ಮರುಕಳಿಸಲು ಹೋದಾಗ ಮೊದಲು ಬರಲೇ ಇಲ್ಲ. ಬಹಳ ಬೇಗ ಒತ್ತಬೇಕೆಂದು ಅವರಿಗೆ ಹೇಳಬೇಕಾಯಿತು. ದಿನವಿಡೀ ಅದೇ ಕೆಲಸ ಮಾಡಿ ಬೆರಳು ಪಳಗಿದ್ದವಳ ವೇಗ, ಪರೀಕ್ಷೆ ಮಾಡುವವರ ಬೆರಳಿನಲ್ಲಿರಲಿಲ್ಲ.

ಮರುಕಳಿಸುವಂತೆ ಮಾಡುವ ಈ ಕೆಲಸಕ್ಕೆ ಲಿನಕ್ಸ್ ಕಟ್ಟಿದವರು ಒಂದು ಚೆಂದದ ಉಪಾಯ ಹೂಡಿದ್ದಾರೆ. ಅದರ ಹಿನ್ನೆಲೆ ಇದು: ವಿಂಡೋಸ್ 95ರಲ್ಲಿ ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್ಟಿನ ಒಂದು ಎಣಿಕೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಹೊರಳುತ್ತಿತ್ತು, ಆಗ ಕಂಪ್ಯೂಟರ್ ನಿಂತುಹೋಗಬಹುದಿತ್ತು. ಅದು ಬೆಳಕಿಗೆ ಬಂದದ್ದೇ ವರ್ಷಗಳ ಮೇಲೆ. ಲಿನಕ್ಸ್‌ನಲ್ಲೂ ಜಿಫ್ಫೀಸ್ ಎಂಬ ಎಣಿಕೆ ಇದೆ. 32 ಬಿಟ್ಟಿನ ಯಂತ್ರದಲ್ಲಿ, ಸೆಕೆಂಡಿಗೆ ಸಾವಿರ ಮಿಡಿತವಿದ್ದರೆ ಅದಕ್ಕೂ ಅದೇ 49.7 ದಿನ, ನೂರಿದ್ದರೆ 497 ದಿನ. ಯಾವುದೋ ಡ್ರೈವರ್ ಈ ಹೊರಳುವಿಕೆಯನ್ನು ಮರೆತು ಸಮಯ ಹೋಲಿಸಿದ್ದರೆ ಅದು ತಿಳಿಯಲು ಅಷ್ಟು ದಿನ ಕಾಯಬೇಕಿತ್ತು. ಅದಕ್ಕೇ ಕರ್ನಲ್ ಆ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದೇ ಇಲ್ಲ. ತುಂಬಿ ಹೊರಳಲು 300 ಸೆಕೆಂಡು ಮಾತ್ರ ಉಳಿದಿರುವ ಜಾಗದಿಂದ ಶುರು ಮಾಡುತ್ತದೆ. ತಪ್ಪಿದ್ದ ಡ್ರೈವರ್ ಯಂತ್ರ ಶುರು ಮಾಡಿದ ಐದೇ ನಿಮಿಷಕ್ಕೆ ಎಡವುತ್ತದೆ, ಅದನ್ನು ಬರೆದವರು ಇನ್ನೂ ಅದರ ಎದುರಿಗೇ ಕುಳಿತಿರುವಾಗ.